ಸಾಸಿವೆಯಷ್ಟು ಪೆಟ್ಟು

ನಮ್ಮ ಹೆಂಗಸರ ಜೈಲಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೇಲಧಿಕಾರಿಯಿಂದ ಹಿಡಿದು ಅಡುಗೆ ಕೋಣೆಯ ಕೈದಿಗಳವರೆಗೆ ಎಲ್ಲರಿಗೂ ಅವಳು ಕಲ್ಲುಕೈ. ನನಗೆ ಮಾತ್ರ ಅಕ್ಕ. ವಾರ್ಡರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೀಗದ ಕೈಗಳ ಗೊಂಚಲು ಹೊತ್ತು ಹೊತ್ತು ಸೊಂಟ ಬಿದ್ದುಹೋಯಿತು ಎಂದು ನಾನು ಗೊಣಗುತ್ತಿದ್ದೆ. ಒಂದು ದಿನ ಅವಳು ತನ್ನ ಹಳೆಯ ಅಗಲ ಬೆಲ್ಟು ತಂದು ನನ್ನ ಕೈಗಿಟ್ಟಳು. ಅಂದಿನಿಂದ ಅವಳು ಅಕ್ಕ, ಅವಳ ಗಂಡ ಭಾವ.

ಕಲ್ಲುಕೈ ಎಂಬ ಹೆಸರು ಬಿದ್ದದ್ದು ತರಬೇತಿಯ ಕಾಲದಲ್ಲಿ. ಖಾಲಿ ಪಿಸ್ತೂಲಿನ ನಳಿಕೆಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯಬೇಕು. ಉಳಿದ ಹುಡುಗಿಯರ ನಾಣ್ಯಗಳು ಟಣ್ ಟಣ್ ಎಂದು ಸಿಮೆಂಟಿನ ಮೇಲೆ ಉರುಳಿದವು. ಅವಳದು ಬೀಳಲಿಲ್ಲ. ಕೋಚ್ ಸಾಹೇಬರು ಅವಳನ್ನು ಮರೆತು ಚಹಾ ಕುಡಿಯಲು ಹೋದರಂತೆ. ತಿರುಗಿ ಬಂದಾಗಲೂ ಅವಳು ಹಾಗೇ ಕೈ ಚಾಚಿ ನಿಂತಿದ್ದಳು, ನಾಣ್ಯವೂ ಹಾಗೇ ಕೂತಿತ್ತು. ಇದು ಕೈಯಲ್ಲ ಕಲ್ಲು ಎಂದು ಅವರು ಎಲ್ಲರೆದುರು ಹೇಳಿದರು. ಹೆಸರು ಅಂಟಿಕೊಂಡಿತು.

ಭಾವ ನಮ್ಮ ಜೈಲು ಇಲಾಖೆಯ ಶಸ್ತ್ರಾಗಾರದಲ್ಲಿ ಬಂದೂಕು ರಿಪೇರಿ ಮಾಡುವವರು. ಕಿಟಕಿ ಸಣ್ಣದಿರುವ ಉದ್ದನೆಯ ಕೋಣೆ, ಎಣ್ಣೆಯ ವಾಸನೆ, ಒಂದು ದಪ್ಪ ಮರದ ಬೆಂಚು, ಅದರ ತುದಿಗೆ ವಸ್ತುಗಳನ್ನು ಬಿಗಿದು ಹಿಡಿಯುವ ಕಬ್ಬಿಣದ ವೈಸ್. ಕುತ್ತಿಗೆಗೆ ದಾರ ಕಟ್ಟಿ ಒಂದು ಭೂತಗನ್ನಡಿ ನೇತುಹಾಕಿಕೊಂಡಿರುತ್ತಿದ್ದರು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯಲು ಮರೆತು ಸಾರಿನಲ್ಲಿ ಅದ್ದಿಕೊಂಡದ್ದಿದೆ. ಬಂದೂಕು ಹಿಡಿದವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅಕ್ಕನ ಅಮ್ಮ ಚಿಂತೆ ಮಾಡುತ್ತಿದ್ದರಂತೆ. ಕೊನೆಗೆ ಬಂದೂಕು ಒರೆಸುವವನೇ ಸಿಕ್ಕ ಎಂದು ಅವರೇ ಹೇಳಿ ನಗುತ್ತಿದ್ದರು.

ಅಕ್ಕನ ಪಿಸ್ತೂಲು ಇಲಾಖೆಯದೇ, ಆದರೆ ಅವಳನ್ನು ಬಿಟ್ಟು ಬೇರೆಯವರು ಮುಟ್ಟುತ್ತಿರಲಿಲ್ಲ. ಅದರ ಮರದ ಹಿಡಿಯನ್ನು ಭಾವ ಅವಳ ಅಂಗೈಯ ಅಳತೆಗೆ ತಾವೇ ಕೆತ್ತಿದ್ದರು. ಅಂಗೈಗೆ ಮಸಿ ಬಳಿದು, ಹಿಡಿಯಲ್ಲಿ ಮಸಿ ಎಲ್ಲೆಲ್ಲಿ ಅಂಟುತ್ತದೋ ಅಲ್ಲಲ್ಲಿ ಕೆರೆದು, ಮತ್ತೆ ಮಸಿ ಬಳಿದು, ಒಂದು ಚಳಿಗಾಲ ಪೂರ್ತಿ ಅದೇ ಕೆಲಸ. ಗುರಿ ಹೊಡೆಯುವ ಪಂದ್ಯಗಳಲ್ಲಿ ಅವಳಿಗೆ ಬಂದ ಪದಕಗಳು ಮನೆಯ ಗಾಜಿನ ಕಪಾಟಿನಲ್ಲಿ ಅತಿಥಿಗಳ ಕಪ್ಪು-ಬಸಿಗಳ ಹಿಂದೆ ಇರುತ್ತಿದ್ದವು. ಕಪ್ಪು ತೆಗೆಯುವಾಗ ಅಡ್ಡ ಬಂದರೆ ಥೂ ಇವು ಬೇರೆ ಎನ್ನುತ್ತಿದ್ದಳು. ಗೆಲ್ಲುವುದರ ಬಗ್ಗೆ ಅವಳು ಮಾತಾಡಿದ್ದನ್ನು ನಾನು ಕೇಳಿಲ್ಲ. ಗುಂಡು ಹಾರುವ ಮುಂಚಿನ ಒಂದು ಚಣ ತಲೆಯೊಳಗೆ ಯಾವ ಸದ್ದೂ ಇರುವುದಿಲ್ಲ, ಅದಕ್ಕೋಸ್ಕರ ಮೈದಾನಕ್ಕೆ ಬರುತ್ತೇನೆ ಎಂದು ಒಂದು ಸಲ ಹೇಳಿದ್ದಳು. ದಿನವಿಡೀ ಬಾಗಿಲು ಬಡಿಯುವ, ಸರಪಳಿ ಎಳೆಯುವ, ಜಗಳ ಬಿಡಿಸುವ ಜಾಗದಲ್ಲಿ ಕೆಲಸ ಮಾಡುವವರಿಗೆ ಆ ಮಾತು ಚೆನ್ನಾಗಿ ಅರ್ಥವಾಗುತ್ತದೆ. ನಾನೂ ಇಲಾಖೆಯ ಶೂಟಿಂಗ್ ತಂಡದಲ್ಲಿದ್ದೆ. ಆದರೆ ನನ್ನ ಗುಂಡುಗಳು ತಮಗೆ ತೋಚಿದ ಕಡೆ ಹೋಗುತ್ತಿದ್ದವು.

ಅಪಘಾತವಾದದ್ದು ತಂಡದ ಆಯ್ಕೆಗೆ ಸ್ವಲ್ಪ ಮುಂಚೆ. ಭಾವ ಅವಳ ಪಿಸ್ತೂಲನ್ನು ಒರೆಸಿ ಎಣ್ಣೆ ಹಚ್ಚಿ ಪೆಟ್ಟಿಗೆಗೆ ಇಡುವಾಗ ಅದು ಕೈಯಿಂದ ಜಾರಿತು. ನಳಿಕೆ ಕೆಳಮುಖವಾಗಿ, ವೈಸಿನ ಕಬ್ಬಿಣದ ಅಂಚಿಗೆ ನೇರ ಬಡಿಯಿತು. ಅವರು ಬಚ್ಚಿಡುವ ಜನ ಅಲ್ಲ. ಅಂದು ಸಂಜೆಯೇ ಅಡುಗೆ ಮನೆಯಲ್ಲಿ ನಿಂತು ಹೇಳಿದರಂತೆ. ಮಾರನೆಯ ದಿನ ಅಕ್ಕ ಭೂತಗನ್ನಡಿ ಹಿಡಿದು ನೋಡಿದಳು, ನನಗೂ ತೋರಿಸಿದಳು. ನಳಿಕೆಯ ಬಾಯಿಯ ಅಂಚಿನಲ್ಲಿ ಒಂದು ಕಡೆ ಸಾಸಿವೆ ಕಾಳಿನಷ್ಟು ಪೆಟ್ಟು. ಬರಿಗಣ್ಣಿಗೆ ಹೊಳೆಯುವ ಒಂದು ಚುಕ್ಕೆ, ಅಷ್ಟೇ. ಹೋಗಲಿ ಬಿಡಿ, ನನ್ನ ಕೈಯಿಂದ ಎಷ್ಟು ಕಪ್ಪು ಒಡೆದಿಲ್ಲ ಎಂದು ಭಾವನಿಗೆ ಹೇಳಿದಳು.

ಅಷ್ಟು ಚಿಕ್ಕ ಪೆಟ್ಟಿಗೆ ಏನಾಗುತ್ತದೆ ಎಂದು ನಾನು ಕೇಳಿದೆ. ಭಾವ ಒಂದು ತುಂಡು ಕೊಳವೆ ತೆಗೆದುಕೊಂಡು ವಿವರಿಸಿದರು. ನಳಿಕೆಯ ಒಳಗೆ ಸುರುಳಿಯಾಗಿ ಗೀರುಗಳಿರುತ್ತವೆ, ಗುಂಡು ಅವನ್ನು ಕಚ್ಚಿಕೊಂಡು ಬುಗುರಿಯ ಹಾಗೆ ತಿರುಗುತ್ತ ಬರುತ್ತದೆ. ಹೊರಬೀಳುವಾಗ ಅದನ್ನು ಕೊನೆಯದಾಗಿ ಮುಟ್ಟುವುದು ಬಾಯಿಯ ಆ ಅಂಚು. ಅಂಚು ಸುತ್ತ ಒಂದೇ ಸಮ ಇದ್ದರೆ, ಹಿಂದಿನಿಂದ ನೂಕುವ ಬಿಸಿಗಾಳಿ ಸುತ್ತಲಿಂದಲೂ ಒಟ್ಟಿಗೆ ಹೊರಬರುತ್ತದೆ. ಒಂದು ಕಡೆ ಚೂರು ಎದ್ದುಹೋಗಿದ್ದರೆ ಆ ಕಡೆಯಿಂದ ಗಾಳಿ ಮೊದಲು ನುಗ್ಗಿ ಗುಂಡಿನ ಬುಡವನ್ನು ಒಂಚೂರು ತಳ್ಳುತ್ತದೆ. ಗುರಿ ದೂರ ಹೋದಷ್ಟೂ ಆ ಒಂಚೂರು ದೊಡ್ಡದಾಗುತ್ತದೆ. ನಮ್ಮ ಗುರಿಹಲಗೆಯಷ್ಟು ದೂರಕ್ಕೆ ಎಷ್ಟಾಗಬಹುದು ಎಂದದ್ದಕ್ಕೆ ಅವರು ಕೊಳವೆಯನ್ನು ಕೆಳಗಿಟ್ಟು, ನೋಡಬೇಕು ಎಂದಷ್ಟೇ ಹೇಳಿದರು.

ನೋಡುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಅಕ್ಕನ ಗುಂಡುಗಳು ನಡುವಿನ ಕಪ್ಪು ವೃತ್ತವನ್ನು ಬಿಟ್ಟು ಓಡಾಡತೊಡಗಿದವು. ಒಂದು ಮೇಲೆ, ಒಂದು ಬಲಕ್ಕೆ, ಒಂದು ಹಲಗೆಯ ಮೂಲೆಗೆ. ಆಯ್ಕೆಯಲ್ಲಿ ಹೇಗೋ ದಾಟಿದಳು. ಆಮೇಲಿನ ಪಂದ್ಯದಲ್ಲಿ ನನಗಿಂತ ಕೆಳಗೆ ಬಂದಳು. ಅಂಥದ್ದು ಆಗಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಎಲ್ಲರಿಗೂ ಕಾರಣ ಗೊತ್ತಿತ್ತು. ಬಾಯಿ ಸೊಟ್ಟಗಾದರೆ ಮಾತು ನೆಟ್ಟಗೆ ಬರುತ್ತದೆಯೇ ಎಂದು ಕೋಚ್ ಸಾಹೇಬರು ನಕ್ಕು ಸಮಾಧಾನ ಮಾಡಿದರು. ನನ್ನ ಪಿಸ್ತೂಲು ಕೊಟ್ಟು ನೋಡಿದೆ, ಅದರಲ್ಲೂ ಹಾಗೇ ಆಯಿತು. ಬೇರೆಯವರ ಚಪ್ಪಲಿ ಹಾಕಿಕೊಂಡು ಓಡಿದ ಹಾಗಿದೆ, ಹಿಡಿಯೇ ಕೂರುವುದಿಲ್ಲ ಎಂದಳು. ನಾವೂ ಹೂಂ ಎಂದೆವು. ನಳಿಕೆ ಎಂಬ ಉತ್ತರ ಕೈಗೆ ಸಿಕ್ಕಿತ್ತು, ಇನ್ನೊಂದನ್ನು ಹುಡುಕುವ ಮನಸ್ಸು ಯಾರಿಗೂ ಇರಲಿಲ್ಲ.

ಬೈಗುಳವೆಲ್ಲ ಭಾವನ ಪಾಲಿಗೆ ಬಂತು. ಮೇಲಧಿಕಾರಿ ಕರೆಸಿ, ಇಷ್ಟು ವರ್ಷದ ಸರ್ವಿಸಿಗೆ ಇದೇನಾ ನಿಮ್ಮ ಕೈಚಳಕ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದರು. ಹೆಂಡತಿ ಮುಂದೆ ಹೋಗುವುದು ಇಷ್ಟವಿಲ್ಲ, ಬೇಕಂತಲೇ ಬೀಳಿಸಿದ್ದಾರೆ ಎಂದು ಕ್ಯಾಂಟೀನಿನಲ್ಲಿ ಆಡಿಕೊಂಡರು. ಅವರು ಕೇಳಿಯೂ ಕೇಳದವರ ಹಾಗೆ ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು. ನಳಿಕೆಯ ಬಾಯಿಯನ್ನು ಲೇತ್ ಯಂತ್ರದಲ್ಲಿ ಕೊಂಚ ಕಡೆದರೆ ಅಂಚು ಹೊಸದಾಗುತ್ತದೆ, ಆದರೆ ಮೇಲಿನವರ ಒಪ್ಪಿಗೆ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಹೊಸ ನಳಿಕೆಗೆ ಬರೆದದ್ದಾಯಿತು. ಅದು ಎಲ್ಲಿಂದಲೋ ಬರಬೇಕು, ಯಾವಾಗ ಎಂದು ಹೇಳುವವರಿಲ್ಲ.

ಒಂದು ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಅಕ್ಕ ಅಡುಗೆ ಕಟ್ಟೆಯ ಮುಂದೆ ನಿಂತು ತರಕಾರಿ ಹೆಚ್ಚುತ್ತಿದ್ದಳು, ತುಂಡುಗಳು ಅಡ್ಡಾದಿಡ್ಡಿ ಬೀಳುತ್ತಿದ್ದವು. ಭಾವ ಚಾಕು ಕೊಡು, ನಾನು ಹೆಚ್ಚುತ್ತೇನೆ ಎಂದದ್ದೇ ನೆಪವಾಯಿತು.

“ಬೇಡ. ಅದನ್ನೂ ಬೀಳಿಸ್ತೀರ,” ಎಂದಳು. ಹೆಚ್ಚಿದ್ದನ್ನು ಪಕ್ಕಕ್ಕೆ ತಳ್ಳಿ, “ನನ್ನದು ಅಂತ ಇದ್ದದ್ದು ಅದೊಂದೇ. ಅದನ್ನೂ ನೆಲಕ್ಕೆ ಹಾಕಿದ್ರಿ,” ಎಂದಳು.

ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿದೆ. ಭಾವ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಒಳಕೋಣೆಯಲ್ಲಿ ಮಲಗಿದ್ದ ಅವಳ ಅಮ್ಮನಿಗೆ ಮಾತ್ರೆ ಕೊಡುವ ಹೊತ್ತಾಯಿತು ಎಂದು ಒಳಗೆ ಹೋದರು. ಆಮೇಲೆ ತಿಂಗಳುಗಟ್ಟಲೆ ಆ ಮನೆಯಲ್ಲಿ ಅದೇ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತಿತ್ತು ಎಂದು ನನಗೆ ಗೊತ್ತು. ಅವರು ಒಂದು ಸಲವೂ ತಿರುಗಿ ಮಾತಾಡಲಿಲ್ಲ. ತಪ್ಪು ಮಾಡಿದವರ ಮೌನ ಅದು ಎಂದು ನಾನು ತಿಳಿದಿದ್ದೆ.

ಜೈಲಿನಲ್ಲಿ ಸಂಜೆ ಬಾಗಿಲು ಹಾಕುವ ಪಾಳಿ ನಮ್ಮಿಬ್ಬರದು. ಕೋಣೆ ಕೋಣೆಗೆ ಹೋಗಿ ತಲೆ ಎಣಿಸಿ, ಸರಳಿನ ಬಾಗಿಲಿಗೆ ಬೀಗ ಜಡಿಯಬೇಕು. ಅಕ್ಕನ ಕೀಲಿ ಬೀಗದ ತೂತಿನ ಸುತ್ತ ಕಬ್ಬಿಣಕ್ಕೆ ಬಡಿಯುವುದನ್ನು ನಾನು ಕೆಲವು ದಿನಗಳಿಂದ ನೋಡುತ್ತಿದ್ದೆ. ಬೆಳಕು ಸಾಲದು ಎನ್ನುತ್ತಿದ್ದಳು, ನಾನು ಬ್ಯಾಟರಿ ಹಿಡಿಯುತ್ತಿದ್ದೆ. ಒಂದು ಸಂಜೆ ಕೊನೆಯ ಕೋಣೆಯ ಮುಂದೆ ಕೀಲಿ ಎಷ್ಟು ಹೊತ್ತಾದರೂ ಒಳಗೆ ಹೋಗಲಿಲ್ಲ. ಕಟಕಟ ಎಂದು ಬಡಿಯುತ್ತಲೇ ಇತ್ತು. ಒಳಗೆ ಬಹಳ ವರ್ಷಗಳಿಂದ ಇದ್ದ ಒಬ್ಬ ಮುದುಕಿ ಕೈದಿ ಚಾಪೆಯಿಂದ ಎದ್ದು ಬಂದಳು. ಸರಳಿನ ನಡುವೆ ಎರಡೂ ಕೈ ತೂರಿಸಿ ಬೀಗವನ್ನು ಅಲ್ಲಾಡದಂತೆ ಹಿಡಿದುಕೊಂಡಳು.

“ಈಗ ಹಾಕವ್ವ. ನಾನು ಹಿಡ್ಕೊಂಡಿದ್ದೀನಿ,” ಎಂದಳು.

ಅಕ್ಕ ಕೀಲಿ ತೂರಿಸಿ ತಿರುಗಿಸಿದಳು. ತನ್ನನ್ನು ಒಳಗಿಟ್ಟು ಜಡಿಯುವ ಬೀಗವನ್ನು ತಾನೇ ಹಿಡಿದುಕೊಟ್ಟ ಮುದುಕಿ ತಿರುಗಿ ಹೋಗಿ ಚಾಪೆಯ ಮೇಲೆ ಮಲಗಿದಳು. ನಾವಿಬ್ಬರೂ ಉದ್ದನೆಯ ಮೊಗಸಾಲೆಯಲ್ಲಿ ವಾಪಸು ನಡೆದೆವು. ಕಛೇರಿಯಲ್ಲಿ ಗೊಂಚಲನ್ನು ಮೊಳೆಗೆ ಸಿಕ್ಕಿಸಿದ್ದು ನಾನು. ನಿದ್ದೆ ಸಾಲುತ್ತಿಲ್ಲ ಅಂತ ಕಾಣುತ್ತದೆ ಎಂದು ಅಕ್ಕ ಗೋಡೆಗೆ ಹೇಳಿದಂತೆ ಹೇಳಿದಳು.

ಹೊಸ ನಳಿಕೆ ಬರುವ ಸುಳಿವೇ ಇಲ್ಲದಿದ್ದಾಗ ಕೋಚ್ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ಪಿಸ್ತೂಲನ್ನು ಯಾರ ಕೈಗೂ ಕೊಡದೆ ವೈಸಿನಲ್ಲಿ ಬಿಗಿದು ಗುಂಡು ಹಾರಿಸೋಣ, ಎಷ್ಟು ತಪ್ಪುತ್ತದೆ ಎಂದು ಹಲಗೆಯನ್ನೇ ಮೇಲಿನವರ ಮೇಜಿನ ಮೇಲೆ ಇಡೋಣ, ಆಗ ನಳಿಕೆ ಓಡಿ ಬರುತ್ತದೆ ಎಂದರು. ಅಕ್ಕನ ಮುಖ ಅರಳಿತು. ಭಾವ ಮಾತ್ರ ಇಂದು ವೈಸಿನ ಹಲ್ಲು ಸರಿಯಿಲ್ಲ, ನಾಳೆ ಪಿಸ್ತೂಲಿಗೆ ಸುತ್ತಲು ಚರ್ಮ ಸಿಕ್ಕಲಿಲ್ಲ ಎಂದು ಮುಂದೂಡುತ್ತಲೇ ಹೋದರು. ಕೊನೆಗೆ ಅಕ್ಕನೇ ತನ್ನ ಹಳೆಯ ಕೈಚೀಲದ ಚರ್ಮ ಕತ್ತರಿಸಿ ತಂದುಕೊಟ್ಟಳು. ಆಮೇಲೆ ಅವರಿಗೆ ಹೇಳಲು ನೆವ ಉಳಿಯಲಿಲ್ಲ.

ಒಂದು ಬೆಳಿಗ್ಗೆ ವೈಸನ್ನು ಬೆಂಚಿನ ಸಮೇತ ಗುಂಡು ಹಾರಿಸುವ ಮೈದಾನಕ್ಕೆ ಹೊತ್ತು ತಂದೆವು. ಮರಳಿನ ಚೀಲಗಳನ್ನು ಒತ್ತಿಟ್ಟು, ಚರ್ಮ ಸುತ್ತಿ, ಪಿಸ್ತೂಲನ್ನು ಬಿಗಿದು, ಟ್ರಿಗರಿಗೆ ದಾರ ಕಟ್ಟಿದರು. ಮೊದಲು ಪಕ್ಕಾ ಇದ್ದ ಇನ್ನೊಂದು ಪಿಸ್ತೂಲು ಕಟ್ಟಿ ಹಾರಿಸಿದರು, ಹೋಲಿಸಲು ಇರಲಿ ಎಂದು. ಅದರ ತೂತುಗಳು ಒಂದರ ಮೇಲೊಂದು ಬಿದ್ದು ಬಟನ್ನಿನಷ್ಟು ದೊಡ್ಡ ಒಂದೇ ತೂತಾಯಿತು. ಆಮೇಲೆ ಅಕ್ಕನದು. ಭಾವ ದಾರ ಎಳೆದರು, ಗುಂಡು ತುಂಬಿದರು, ಮತ್ತೆ ಎಳೆದರು. ಮುಗಿದ ಮೇಲೆ ಹಲಗೆ ತರಲು ಅಕ್ಕನೇ ಹೋದಳು.

ದೂರದಿಂದ ಅವಳು ಕಾಗದ ಬಿಡಿಸಿಕೊಂಡು ನಿಂತದ್ದು ಕಾಣುತ್ತಿತ್ತು. ಬಹಳ ಹೊತ್ತು ನಿಂತಳು. ತಂದು ಬೆಂಚಿನ ಮೇಲೆ ಹಾಸಿದಳು. ಪೆಟ್ಟು ಬಿದ್ದ ನಳಿಕೆ ಎಡಕ್ಕೆ ಕೊಂಚ ಮೇಲಕ್ಕೆ ಹೊಡೆದಿತ್ತು, ನಿಜ. ತೂತುಗಳ ನಡುವೆ ಸ್ವಲ್ಪ ಬಿಡುವೂ ಇತ್ತು. ಆದರೆ ಎಲ್ಲವೂ ಒತ್ತೊತ್ತಾಗಿ, ಒಂದು ನಿಂಬೆಹಣ್ಣಿನ ಹೋಳು ಇಟ್ಟರೆ ಮುಚ್ಚಿಹೋಗುವಷ್ಟರಲ್ಲಿ, ಕಪ್ಪು ವೃತ್ತದ ಒಳಗೇ ಇದ್ದವು. ಗುರಿ ನೋಡುವ ಕಚ್ಚನ್ನು ಒಂದೆಳೆ ಸರಿಸಿದ್ದರೆ ಆ ಪಿಸ್ತೂಲಿನಲ್ಲಿ ಇವತ್ತಿಗೂ ಪಂದ್ಯ ಆಡಬಹುದಿತ್ತು.

ಇನ್ನೊಂದು ಸಲ ಹಾರಿಸಿ ನೋಡೋಣ ಎಂದು ಕೋಚ್ ಸಾಹೇಬರು ಗಡಿಬಿಡಿಯಿಂದ ಹೇಳಿದರು. ಹಾರಿಸಿದರು. ಅದೇ ಎಡ, ಅದೇ ಮೇಲೆ, ಅದೇ ಒತ್ತು. ಅಕ್ಕ ಹಿಂದಿನ ದಿನದ ತನ್ನ ಹಲಗೆಯ ಕಾಗದವನ್ನು ಚೀಲದಿಂದ ತೆಗೆದು ಪಕ್ಕಕ್ಕೆ ಇಟ್ಟಳು. ಅದರಲ್ಲಿ ತೂತುಗಳು ಮೂಲೆ ಮೂಲೆಗೂ ಚದುರಿದ್ದವು.

“ನಳಿಕೆ ಪ್ರತಿ ಸಲವೂ ಒಂದೇ ಕಡೆಗೆ ತಪ್ಪತ್ತೆ,” ಎಂದಳು ನಿಧಾನವಾಗಿ. “ನಾನು ಎಲ್ಲಾ ಕಡೆಗೂ ತಪ್ತಾ ಇದ್ದೀನಿ.”

ಕೋಚ್ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಮತ್ತೆ ಹಾಕಿಕೊಂಡರು. ಭಾವ ವೈಸಿನ ತಿರುಪು ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಅವರು ತಲೆ ಎತ್ತದೇ ಇದ್ದದ್ದರಿಂದಲೇ ಅಕ್ಕನಿಗೆ ತಿಳಿಯಿತು ಎಂದು ಕಾಣುತ್ತದೆ.

“ನಿಮಗೆ ಗೊತ್ತಿತ್ತು.”

ಅವರು ಹೂಂ ಎಂದರು. ಪೆಟ್ಟು ಬಿದ್ದ ವಾರದಲ್ಲೇ ಅವರು ಒಬ್ಬರೇ ವೈಸನ್ನಷ್ಟೇ ಬಿಚ್ಚಿ ತಂದು ಇದೇ ರೀತಿ ಬಿಗಿದು ಹಾರಿಸಿ ನೋಡಿದ್ದರಂತೆ. ಅದಕ್ಕೂ ಮುಂಚೆ, ಅವಳು ಚಹಾ ಬಗ್ಗಿಸುವಾಗ ಕೆಟಲಿನ ಮೂತಿ ಕಪ್ಪಿನ ಅಂಚಿಗೆ ತಾಗಿ ಸದ್ದು ಮಾಡುವುದನ್ನು ಎಷ್ಟೋ ದಿನದಿಂದ ಕೇಳುತ್ತಿದ್ದರಂತೆ. ವಯಸ್ಸಿನದೋ ಆಯಾಸದ್ದೋ ಇರಬಹುದು, ಹೋಗಬಹುದು ಎಂದು ಕಾದರಂತೆ.

“ಹಾಗಿದ್ದ ಮೇಲೆ ನನ್ನ ಮಾತೆಲ್ಲ ಯಾಕೆ ಕೇಳಿಸ್ಕೊಂಡ್ರಿ?” ಅಕ್ಕನ ದನಿಯಲ್ಲಿ ಸಿಟ್ಟೇ ಇತ್ತು.

“ಬೈಯೋಕೆ ಒಂದು ಜಾಗ ಬೇಕಲ್ಲ ನಿನಗೆ,” ಎಂದರು ಭಾವ. “ನನ್ನಿಂದಲೇ ಆದದ್ದು ಅಂದ್ಕೊಂಡಿರೋವರೆಗೂ ನೀನು ರಾತ್ರಿ ನಿದ್ದೆ ಮಾಡ್ತಿದ್ದೆ.”

ಅಕ್ಕ ಕಾಗದಗಳನ್ನು ಮಡಿಸಿಟ್ಟಳು. ಬೆಂಚಿನ ಮೇಲೆ ಕೈ ಊರಿ ನಿಂತಳು. ಊರಿದ ಕೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನು ಮರವನ್ನು ಮೆಲ್ಲಗೆ ತಟ್ಟುತ್ತಿತ್ತು. ನಾವು ಮೂವರೂ ಅದನ್ನು ನೋಡಿದೆವು, ಅವಳೂ ನೋಡಿದಳು. ಇನ್ನೊಂದು ಕೈಯಿಂದ ಅದನ್ನು ಮುಚ್ಚಿಕೊಂಡಳು.

ಆಸ್ಪತ್ರೆಗೆ ಹೋದಾಗ ನಾನೂ ಜೊತೆಗಿದ್ದೆ. ನರಗಳ ವೈದ್ಯೆ ಚಿಕ್ಕ ವಯಸ್ಸಿನವಳು, ಒಳ್ಳೆಯ ಮಾತುಗಾರ್ತಿ. ಬೆರಳನ್ನು ಮೂಗಿಗೆ ಮುಟ್ಟಿಸಿ ಎಂದಳು, ಹೆಬ್ಬೆರಳು ತೋರುಬೆರಳು ಬೇಗ ಬೇಗ ತಟ್ಟಿ ಎಂದಳು, ಕೋಣೆಯ ಆ ತುದಿಗೆ ನಡೆದು ಬನ್ನಿ ಎಂದಳು. ನಡೆಯುವಾಗ ಅಕ್ಕನ ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡೇ ಇತ್ತು. ದಿನಾ ಅವಳ ಪಕ್ಕದಲ್ಲೇ ನಡೆಯುವ ನಾನು ಅದನ್ನು ಗಮನಿಸಿರಲೇ ಇಲ್ಲ. ಇದು ಮಿದುಳಿನಿಂದ ಬರುವ ನರದ ಕಾಯಿಲೆ, ವಾಸಿಯಾಗುವುದಿಲ್ಲ, ಮಾತ್ರೆಯಿಂದ ಬಹಳ ಮಟ್ಟಿಗೆ ಹಿಡಿತದಲ್ಲಿಡಬಹುದು ಎಂದು ವೈದ್ಯೆ ಹೇಳಿದಳು. ಇನ್ನೊಂದು ಕೈಗೂ ಬರುತ್ತದೆಯೇ ಎಂದು ಅಕ್ಕ ಕೇಳಿದಳು. ಬರಬಹುದು, ಯಾವಾಗ ಎಂದು ಹೇಳಲಾಗುವುದಿಲ್ಲ ಎಂದಳು. ಏನು ಮಾಡಿದ್ದರೆ ಇದು ಬರುತ್ತಿರಲಿಲ್ಲ ಎಂದು ಭಾವ ಕೇಳಿದರು. ಏನೂ ಇಲ್ಲ, ಇದು ಯಾರ ತಪ್ಪೂ ಅಲ್ಲ ಎಂದು ವೈದ್ಯೆ ಸಮಾಧಾನವಾಗಲಿ ಎಂದೇ ಹೇಳಿದಳು. ಭಾವನಿಗೆ ಅದು ಸಮಾಧಾನವಾದ ಹಾಗೆ ಕಾಣಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು, ನಳಿಕೆ ಆಗಿದ್ದರೆ ಬೆಳಗಾಗುವಷ್ಟರಲ್ಲಿ ಕಡೆದು ಕೊಡುತ್ತಿದ್ದೆ ಎಂದರು. ಯಾರಿಗೆ ಹೇಳಿದರೋ ತಿಳಿಯದು. ಅಕ್ಕ ಔಷಧಿ ಅಂಗಡಿಯ ಸಾಲಿನಲ್ಲಿದ್ದಳು.

ಮಾತ್ರೆ ಕೆಲಸ ಮಾಡಿತು, ಅಷ್ಟಕ್ಕಷ್ಟೇ. ಕೆಲವು ದಿನ ಕೈ ಅವಳ ಮಾತು ಕೇಳುತ್ತಿತ್ತು, ಕೆಲವು ದಿನ ಇಲ್ಲ. ಅಕ್ಕ ಎಡಗೈಯಲ್ಲಿ ಗುಂಡು ಹಾರಿಸುವುದನ್ನು ಕಲಿಯಲು ನೋಡಿದಳು. ಭಾವ ಎಡಗೈಗೆ ಬೇರೆ ಹಿಡಿ ಕೆತ್ತಲು ಮರ ತಂದರು, ಮಸಿ ಬಳಿದುಕೊಳ್ಳಲು ಅವಳು ಅಂಗೈ ಚಾಚಿದಳು. ಎರಡು ಮೂರು ವಾರ ಕಳೆದ ಮೇಲೆ ಆ ಕೈಯ ಬೆರಳೂ ಒಂದು ದಿನ ಅದುರಿತು. ಆಮೇಲೆ ಅವಳು ಮೈದಾನದ ಕಡೆ ಬರಲಿಲ್ಲ. ಅರ್ಧ ಕೆತ್ತಿದ ಮರವನ್ನು ಭಾವ ಒಲೆಗೂ ಹಾಕಲಿಲ್ಲ, ಬೆಂಚಿನ ಮೇಲೂ ಇಡಲಿಲ್ಲ. ಎಲ್ಲಿಟ್ಟರೋ ನಾನು ಕೇಳಿಲ್ಲ.

ಹೊಸ ನಳಿಕೆ ಬಂತು, ಯಾರಿಗೂ ಬೇಡವಾದ ಮೇಲೆ. ಅದನ್ನು ಕೂರಿಸುವುದು ಭಾವನ ಕೆಲಸವೇ, ಕೂರಿಸಿದರು. ಪಿಸ್ತೂಲು ತಂಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಹೋಯಿತು. ಅವಳ ಅಂಗೈ ಸಣ್ಣದು, ಹಿಡಿ ಬದಲಾಯಿಸಿಕೊಡಿ ಎಂದು ಕೇಳಿದಳು. ತಪ್ಪೇನೂ ಇಲ್ಲ, ಕೇಳಲೇಬೇಕಾದದ್ದು. ಭಾವ ಬದಲಾಯಿಸಿಕೊಟ್ಟರು.

ಬೀಗದ ಕೆಲಸದಿಂದ ಅಕ್ಕನನ್ನು ತೆಗೆದರು. ಭೇಟಿಗೆ ಬಂದವರನ್ನು ಕೂರಿಸಿ ಒಬ್ಬೊಬ್ಬರನ್ನಾಗಿ ಒಳಗೆ ಕಳಿಸುವ ಕೋಣೆಯಲ್ಲಿ ಕುರ್ಚಿ ಹಾಕಿಕೊಟ್ಟರು. ಅಲ್ಲಿ ಕೈ ಅದುರುವುದನ್ನು ಯಾರೂ ನೋಡುವುದಿಲ್ಲ, ಬಂದವರಿಗೆ ಅವರವರದೇ ಗೋಳು. ಅತ್ತುಕೊಂಡು ಬರುವ ತಾಯಂದಿರಿಗೆ ಅವಳು ನೀರು ಕೊಡುತ್ತಾಳೆ, ಲೋಟವನ್ನು ಅರ್ಧ ಮಾತ್ರ ತುಂಬಿಸುತ್ತಾಳೆ.

ಮೊನ್ನೆ ಬೆಳಿಗ್ಗೆ ಡ್ಯೂಟಿಗೆ ಒಟ್ಟಿಗೆ ಹೋಗೋಣ ಎಂದು ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಕೋಣೆಯ ನಡುವೆ ಅಕ್ಕ ನಿಂತಿದ್ದಳು, ಭಾವ ಬಗ್ಗಿ ಅವಳ ಸಮವಸ್ತ್ರದ ಗುಂಡಿ ಹಾಕುತ್ತಿದ್ದರು. ಬಸ್ಸಿಗೆ ಹೊತ್ತಾಗುತ್ತಿತ್ತು. ಕೆಳಗಿನ ಗುಂಡಿಯವರೆಗೆ ಬಂದ ಮೇಲೆ ಒಂದು ಕಾಜ ಮಿಕ್ಕಿತು, ಮೇಲೆಲ್ಲೋ ಒಂದು ಜಾರಿಬಿಟ್ಟಿದ್ದರು.

“ನೋಡ್ಕೊಂಡು ಹಾಕಬಾರದಾ,” ಎಂದಳು ಅಕ್ಕ.

ಭಾವ ಹೂಂ ಎಂದರು. ಎಲ್ಲವನ್ನೂ ಬಿಚ್ಚಿ, ಕತ್ತಿನ ಹತ್ತಿರದ ಗುಂಡಿಯಿಂದ ಮತ್ತೆ ಶುರು ಮಾಡಿದರು. ಅವಳು ಕೈಗಳೆರಡನ್ನೂ ಹಿಂದಕ್ಕೆ ಕಟ್ಟಿಕೊಂಡು ಸೂರಿನ ಕಡೆ ನೋಡುತ್ತ ನಿಂತಳು.